ಕುಬಸದ ಫೋಟೋ, ಮಾಗಡಿ ಹೆಬ್ಬಾತು: ಕಳವಾದ ನನ್ನ ಎರಡು ಚಿತ್ರಗಳ ಕಥೆ

"ಅಣ್ಣಾರ, ನಮ್ಮ ಮನಿಯಾಕಿ ಫೋಟೋ ಸೀರಿ ಅಂಗಡಿಯವ್ರಿಗೆ ಮಾರೀರೇನ್ರಿ?"

2024ರ ಫೆಬ್ರುವರಿ ಮೊದಲ ವಾರದ ಒಂದು ಸಂಜೆ ಹೀಗೊಂದು ಫೋನ್ ಬಂತು. ಗದಗಿನ ಬಸ್ ಸ್ಟ್ಯಾಂಡ್ ಹತ್ತಿರ ಗಿರ್ಮಿಟ್ ತಿನ್ನುತ್ತಾ ನಿಂತಿದ್ದೆ, ಪ್ಲೇಟು ಅಲ್ಲೇ ಇಟ್ಟೆ. ಮಾತಾಡುತ್ತಿದ್ದವರು ಲಕ್ಷ್ಮೇಶ್ವರ ಕಡೆಯ ಒಬ್ಬ ಹುಡುಗ. 2023ರ ಮೇ ತಿಂಗಳಲ್ಲಿ ಅವರ ಮನೆಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ನಾನೇ ಫೋಟೋ ತೆಗೆದಿದ್ದೆ. ಈಗ ಅವರ ಹೆಂಡತಿ ಹಸಿರು ಸೀರೆ, ಹಸಿರು ಬಳೆ ತೊಟ್ಟು ಆರತಿ ಮಾಡಿಸಿಕೊಳ್ಳುತ್ತಾ ನಕ್ಕ ಫೋಟೋ ಹುಬ್ಬಳ್ಳಿಯ ಒಂದು ಸೀರೆ ಅಂಗಡಿಯ ಫೇಸ್‌ಬುಕ್ ಜಾಹೀರಾತಿನಲ್ಲಿ ಬಂದಿತ್ತಂತೆ. ಅಂಗಡಿ ಮುಂದೆ ಅದರದ್ದೇ ದೊಡ್ಡ ಫ್ಲೆಕ್ಸ್ ಕೂಡ ಹಾಕಿದ್ದರಂತೆ. ಮೊದಲು ನೋಡಿದ್ದು ಆ ಹುಡುಗಿಯ ಸೋದರಮಾವ. ಆಮೇಲೆ ಮನೆಯಲ್ಲಿ ಏನಾಗಿರಬಹುದು ಅಂತ ನೀವೇ ಊಹಿಸಿ.

ನಾನು ಮಾರಿರಲಿಲ್ಲ. ಆದರೆ "ಇಲ್ರೀಪಾ, ನಾ ಯಾಕ ಮಾರ್ಲಿ" ಅಂತ ಹೇಳುವಾಗ ನನ್ನ ದನಿಯಲ್ಲಿ ಅಂಥ ಜೋರೇನೂ ಇರಲಿಲ್ಲ, ಯಾಕೆಂದರೆ ಆ ಫೋಟೋ ಎಲ್ಲಿಂದ ಹೋಗಿರಬಹುದು ಅನ್ನೋ ಅನುಮಾನ ಆಗಲೇ ಹೊಟ್ಟೆಯಲ್ಲಿ ಶುರುವಾಗಿತ್ತು.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ನಾನು ಫೋಟೋಗ್ರಾಫರ್ ಅಲ್ಲ, ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವನು. ಕ್ಯಾಮೆರಾ ಹವ್ಯಾಸ. ರವಿವಾರ ಬಂದರೆ ಲಕ್ಕುಂಡಿಯ ಮುಸುಕಿನ ಬಾವಿ, ಡಂಬಳದ ದೊಡ್ಡಬಸಪ್ಪನ ಗುಡಿ, ಮಳೆ ಬಿದ್ದ ಮೇಲೆ ಕಪ್ಪತಗುಡ್ಡ, ಚಳಿಗಾಲದಲ್ಲಿ ಮಾಗಡಿ ಕೆರೆ. ಇದರಲ್ಲಿ ಮಾಗಡಿ ಕೆರೆಯದ್ದು ಸುಮ್ನೆ ಸುತ್ತಾಟ ಅಲ್ಲ, ನಾಲ್ಕು ಚಳಿಗಾಲದ ಕೆಲಸ. ಗದಗಿನಿಂದ ಇಪ್ಪತ್ತೈದು ಕಿಲೋಮೀಟರ್ ಆಸುಪಾಸು, ಶಿರಹಟ್ಟಿ ತಾಲೂಕು. ನಸುಕಿನಲ್ಲೇ ಬೈಕು ತೆಗೆದರೆ ಬೆಳಕು ಹರಿಯುವ ಹೊತ್ತಿಗೆ ಕೆರೆ ದಂಡೆ ಮೇಲಿರಬಹುದು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯ್ದು ಗುಂಪು ಗುಂಪಾಗಿ ನೀರಿಗೆ ಇಳಿಯುವುದನ್ನು ಒಮ್ಮೆ ನೋಡಿದರೆ ಸಾಕು, ಮುಂದಿನ ರವಿವಾರವೂ ನೀವು ಅಲ್ಲೇ ಇರುತ್ತೀರಿ.

ಹಕ್ಕಿ ತೆಗೆಯೋಕೆ ಉದ್ದನೆ ಲೆನ್ಸ್ ಬೇಕು. ನಿಕಾನ್ 200-500 ಲೆನ್ಸಿಗೆ ಆಗ ಲಕ್ಷದ ಹತ್ತಿರ ಹೋಗುತ್ತಿತ್ತು, ಸಂಘದ ಪಗಾರದಲ್ಲಿ ಆಗುವ ಮಾತಾಗಿರಲಿಲ್ಲ. ಹಾಗಾಗಿ ಕುಬಸ, ಜವಳ, ಮನೆಶಾಂತಿ, ಸಣ್ಣಪುಟ್ಟ ಮದುವೆ ಅಂತ ಈವೆಂಟ್ ಕೆಲಸ ಹಿಡಿದೆ. ಒಂದು ಕುಬಸಕ್ಕೆ ಆರು ಸಾವಿರ, ಆಲ್ಬಮ್ ಬೇರೆ. ಎಲ್ಲಾ ಬಾಯಿ ಮಾತು. ಕಾಗದ ಅಂತ ಏನೂ ಇಲ್ಲ. ನಮ್ಮ ಕಡೆ ಆರು ಸಾವಿರದ ಕೆಲಸಕ್ಕೆ ಕರಾರುಪತ್ರ ತೆಗೆದರೆ "ಏನ್ರಿ, ಹೊಲಾ ಬರ್ಕೊಡಾಕತ್ತೇವೇನು?" ಅಂತಾರೆ.

ಅವತ್ತು ರಾತ್ರಿ ಆ ಜಾಹೀರಾತು ತೆರೆದು ನೋಡಿದೆ. ನನ್ನದೇ ಫೋಟೋ. ಬಲಗಡೆ ಕೆಳಗೆ ನನ್ನ ಹೆಸರಿನ ವಾಟರ್‌ಮಾರ್ಕ್ ಇದ್ದ ಜಾಗದಲ್ಲಿ ಹಳದಿ ಪಟ್ಟಿ ಎಳೆದು ಅಂಗಡಿಯ ಫೋನ್ ನಂಬರ್ ಕೂರಿಸಿದ್ದರು. ಮೇಲೆ "ಅಪ್ಪಟ ಇಳಕಲ್" ಅಂತ ದಪ್ಪ ಅಕ್ಷರ. ಆ ಸೀರೆ ಇಳಕಲ್ಲಿನದೂ ಅಲ್ಲ, ಆ ಅಂಗಡಿಯದೂ ಅಲ್ಲ. ಹುಡುಗಿಯ ತಾಯಿ ಬೆಟಗೇರಿಯ ನೇಕಾರರ ಮನೆಯಿಂದ ತಂದದ್ದು ಅಂತ ಅವರೇ ಅವತ್ತು ನನಗೆ ಹೇಳಿದ್ದರು. ಸಿಟ್ಟಿನ ನಡುವೆಯೂ ಇದಕ್ಕೆ ನಗು ಬಂತು.

ಒಂದು ಆಸೆ ಇತ್ತು. ಆ ಮನೆಯವರಿಗೆ ನಾನು ಇಪ್ಪತ್ತು ಫೋಟೋ ವಾಟ್ಸಾಪಿನಲ್ಲಿ ಕಳಿಸಿದ್ದೆ, ಅವರ ಸಂಬಂಧಿಕರೆಲ್ಲ ಸ್ಟೇಟಸ್ ಹಾಕಿಕೊಂಡಿದ್ದರು. ಅಲ್ಲಿಂದ ಯಾರೋ ಎತ್ತಿರಬಹುದು, ನನ್ನ ಮೇಲೇನೂ ಬರಲ್ಲ ಅಂತ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ, ಆಸೆ ಹೋಯಿತು. ಮನೆಯವರಿಗೆ ಕೊಟ್ಟದ್ದರಲ್ಲಿ ಬಣ್ಣ ಇದ್ದ ಹಾಗೇ ಇತ್ತು. ನನ್ನ ಫೇಸ್‌ಬುಕ್ ಪೇಜಿಗೆ ಹಾಕುವಾಗ ಮಾತ್ರ ಆರತಿ ದೀಪದ ಬೆಳಕು ಎದ್ದು ಕಾಣಲಿ ಅಂತ ಸ್ವಲ್ಪ ಕೆಂಪು ಹಳದಿ ಏರಿಸಿದ್ದೆ, ಹಿಂದೆ ನಿಂತಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಅಳಿಸಿದ್ದೆ. ಜಾಹೀರಾತಿನಲ್ಲೂ ಕುರ್ಚಿ ಇರಲಿಲ್ಲ.

ಅಂದರೆ ಕಳುವಾಗಿದ್ದು ನನ್ನ ಪೇಜಿನಿಂದಲೇ. ಮತ್ತು ಆ ಪೇಜಿಗೆ ಹಾಕುವ ಮುಂಚೆ ನಾನು ಆ ಮನೆಯವರನ್ನು ಕೇಳಿರಲಿಲ್ಲ. ಎಲ್ಲರೂ ಹಾಕುತ್ತಾರೆ, ಹಾಕದಿದ್ದರೆ ಮುಂದಿನ ಕೆಲಸ ಸಿಗಲ್ಲ, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಮರುದಿನ ಬೆಳಗ್ಗೆ ಆ ಹುಡುಗನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ಬೈಯಲಿಲ್ಲ. "ಹಂಗಾದ್ರ ಮೊದಲ ತಪ್ಪು ನಿಮ್ದ ಅಂದಂಗಾತು" ಅಂದ. ಬೈದಿದ್ದರೇ ಚೆನ್ನಾಗಿತ್ತು.

ಸೀರೆ ಅಂಗಡಿಗೆ ಫೋನ್ ಮಾಡಿದೆ. ಮಾಲೀಕರು ನಿಜವಾಗಿ ಗಾಬರಿಯಾದರು. "ನಮಗೇನ್ ಗೊತ್ರಿ, ಡಿಟಿಪಿಯಾಂವ ಡಿಸೈನ್ ಮಾಡಿ ಕೊಟ್ಟ, ನಾವು ರೊಕ್ಕಾ ಕೊಟ್ವಿ" ಅಂದರು. ಡಿಟಿಪಿ ಅಂಗಡಿಯ ಹೆಸರೂ ಹೇಳಿದರು, ಹುಬ್ಬಳ್ಳಿಯದೇ. ಸಂಜೆಯೊಳಗೆ ಫ್ಲೆಕ್ಸ್ ಇಳಿಸಿದರು. ಫೇಸ್‌ಬುಕ್ ಜಾಹೀರಾತು ಮಾತ್ರ ಯಾರೋ ಬೇರೆ ಹುಡುಗ ನೋಡಿಕೊಳ್ಳುತ್ತಾನೆ, ಅವನು ಊರಲ್ಲಿಲ್ಲ, ಎರಡು ದಿನ ಬಿಡಿ ಅಂದರು. ಜಾಹೀರಾತು ದುಡ್ಡು ಕೊಟ್ಟು ಓಡಿಸುವಂಥದ್ದು, ಎರಡು ದಿನದಲ್ಲಿ ಇನ್ನೆಷ್ಟು ಜನರ ಫೋನಿನಲ್ಲಿ ಅದು ಬರುತ್ತದೋ. ಸುಮ್ಮನಿರಲು ಆಗಲಿಲ್ಲ.

ಹಾಗಾಗಿ ಫೇಸ್‌ಬುಕ್ಕಿನ ಕಾಪಿರೈಟ್ ದೂರಿನ ಫಾರ್ಮ್ ತೆರೆದೆ. ಮೂಲ ಫೋಟೋದ ಲಿಂಕ್, ಕದ್ದ ಪೋಸ್ಟಿನ ಲಿಂಕ್, ಹೆಸರು, ಇಮೇಲ್. ದೂರು ಕೊಟ್ಟವರ ಹೆಸರು ಮತ್ತು ಇಮೇಲ್ ಎದುರಿನವರಿಗೂ ಹೋಗಬಹುದು ಅಂತ ಅಲ್ಲೇ ಬರೆದಿರುತ್ತಾರೆ, ಅದಕ್ಕೇ ಬೇರೆ ಇಮೇಲ್ ಮಾಡಿಕೊಂಡೆ. ಕೊನೆಯಲ್ಲಿ ಒಂದು ಸಾಲು ಬರುತ್ತದೆ, ಈ ಕೃತಿಯ ಹಕ್ಕುದಾರ ನಾನೇ ಅಥವಾ ಅವರ ಪರವಾಗಿ ಅಧಿಕಾರ ಇರುವವನು, ಸುಳ್ಳಾದರೆ ಶಿಕ್ಷೆಗೆ ಗುರಿಯಾಗುತ್ತೇನೆ ಅಂತ. ಅಲ್ಲಿ ಬೆರಳು ನಿಂತಿತು. ಯಾಕೋ ಒಮ್ಮೆ ಕೇಳಿಯೇ ಬಿಡೋಣ ಅನ್ನಿಸಿ, ಗದಗ ಕೋರ್ಟಿನಲ್ಲಿ ವಕೀಲಿ ಮಾಡುವ ನನ್ನ ಕಾಲೇಜು ಗೆಳೆಯನಿಗೆ ಫೋನ್ ಹಚ್ಚಿದೆ.

"ರೊಕ್ಕಾ ತಗೊಂಡು ತೆಗೆದಿದ್ದೇನು?"

"ಹೌದು."

"ಕಾಪಿರೈಟ್ ನಂದು ಅಂತ ಏನರ ಮಾತಾಗಿತ್ತೇನು, ಬರಹದಾಗ?"

"ಇಲ್ಲ."

"ಹಂಗಾರ ಅದು ನಿಂದಲ್ಲೋ. ಅವರದು."

ನನಗೆ ನಂಬಿಕೆ ಬರಲಿಲ್ಲ. ಕ್ಯಾಮೆರಾ ನನ್ನದು, ಬೆಳಕು ನೋಡಿದವನು ನಾನು, ಒತ್ತಿದವನು ನಾನು. ಅವನು ಕಾನೂನು ಓದಿ ಹೇಳಿದ. 1957ರ ಕಾಪಿರೈಟ್ ಕಾಯ್ದೆಯ ಕಲಂ 17 ಪ್ರಕಾರ ಸಾಮಾನ್ಯವಾಗಿ ಕೃತಿ ಮಾಡಿದವನೇ ಅದರ ಮೊದಲ ಒಡೆಯ. ಫೋಟೋದ ಮಟ್ಟಿಗೆ ತೆಗೆದವನೇ ಕೃತಿಕಾರ. ಆದರೆ ಅದೇ ಕಲಮಿನ ಬಿ ಉಪಕಲಂ ಒಂದು ಹೊರತು ಇಟ್ಟಿದೆ. ಒಬ್ಬರು ಹೇಳಿ, ಹಣ ಕೊಟ್ಟು ತೆಗೆಸಿದ ಫೋಟೋ ಆದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹೇಳಿ ತೆಗೆಸಿದವರೇ ಮೊದಲ ಒಡೆಯರು. ಮದುವೆ, ಕುಬಸ, ಮನೆಶಾಂತಿ, ಎಲ್ಲಾ ಇದರೊಳಗೇ ಬರುತ್ತವೆ. "ತೆಗೆದಾಂವ ನೀನ, ಒಡೆಯಾ ನೀನಲ್ಲ" ಅಂದ. ತೆಗೆದವನು ಅಂತ ಹೆಸರು ಹೇಳಿಕೊಳ್ಳುವ ಹಕ್ಕು ಮಾತ್ರ ಕಲಂ 57ರಲ್ಲಿ ನನಗೆ ಉಳಿಯುತ್ತದಂತೆ, ಒಡೆತನ ಯಾರದೇ ಇರಲಿ.

ಅಂದರೆ ಲೆಕ್ಕ ಹೀಗಾಯಿತು. ಅವರ ಒಡೆತನದ ಫೋಟೋವನ್ನು ಅವರನ್ನು ಕೇಳದೆ ಮೊದಲು ಹಾಕಿದವನು ನಾನು. ಡಿಟಿಪಿಯವನು ಎರಡನೆಯವನು. ಎಂಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಲೆನ್ಸಿನ ಎಲ್ಲಾ ನಂಬರ್ ಗೊತ್ತು, ಇದೊಂದು ಗೊತ್ತಿರಲಿಲ್ಲ. ನನಗೆ ಗೊತ್ತಿರುವ ಹತ್ತು ಹನ್ನೆರಡು ಜನ ಫೋಟೋಗ್ರಾಫರ್‌ಗಳನ್ನು ಆಮೇಲೆ ಕೇಳಿದೆ, ಪೂರ್ತಿ ಅಂಗಡಿ ಇಟ್ಟುಕೊಂಡವರು. ಒಬ್ಬನಿಗೂ ಗೊತ್ತಿರಲಿಲ್ಲ. ಒಬ್ಬನಂತೂ ಜಗಳಕ್ಕೇ ಬಂದ.

ಫಾರ್ಮ್ ನಾನು ತುಂಬಲಿಲ್ಲ. ಆ ಹುಡುಗ ತುಂಬಿದ, ನಾನು ಪಕ್ಕದಲ್ಲಿ ಕೂತು ಲಿಂಕುಗಳನ್ನು ಕೊಟ್ಟೆ. ಅದರ ಜೊತೆಗೆ ಅವರ ಹೆಂಡತಿ ತನ್ನ ಫೋನಿನಿಂದ ಇನ್ನೊಂದು ದೂರು ಹಾಕಿದರು, ನನ್ನ ಚಿತ್ರವನ್ನು ನನ್ನ ಒಪ್ಪಿಗೆ ಇಲ್ಲದೆ ಹಾಕಿದ್ದಾರೆ ಅನ್ನೋ ಖಾಸಗಿತನದ ದೂರು, ಅದು ಬೇರೆಯೇ ದಾರಿ. ಮೂರನೇ ದಿನ ಜಾಹೀರಾತು ಹೋಯಿತು. ಯಾವ ದೂರಿಗೆ ಹೋಯಿತೋ, ಜಾಹೀರಾತು ನೋಡಿಕೊಳ್ಳುತ್ತಿದ್ದ ಹುಡುಗ ಊರಿಂದ ಬಂದು ತೆಗೆದನೋ, ಅಂತೂ ಹೋಯಿತು.

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಅದೇ ರವಿವಾರ ನಾನು ತಲೆ ಹಗುರಾಗಲಿ ಅಂತ ಮಾಗಡಿಗೆ ಹೋದೆ. ಜನವರಿ ಕೊನೆಗಷ್ಟೇ ಮಾಗಡಿ ಕೆರೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಸುದ್ದಿ ಬಂದಿತ್ತು, ನಮ್ಮ ರಾಜ್ಯದ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ. ಹಾಗಾಗಿ ಕೆರೆ ದಂಡೆ ಮೇಲೆ ಯಾವತ್ತಿಗಿಂತ ಜಾಸ್ತಿ ಜನ. ಹಕ್ಕಿಗಳು ದೂರ ಸರಿದಿದ್ದವು. ಹತ್ತು ಗಂಟೆಗೆ ಊರೊಳಗಿನ ಚಹಾದಂಗಡಿಗೆ ಬಂದು ಕೂತೆ. ಎದುರಿನ ಗೋಡೆ ಮೇಲೆ ಗೊಬ್ಬರದ ಅಂಗಡಿಯೊಂದರ 2024ರ ಕ್ಯಾಲೆಂಡರ್. ಅದರ ಮೇಲೆ ನನ್ನ ಹೆಬ್ಬಾತುಗಳು.

ಮೊದಲು ಗುರುತು ಹತ್ತಲಿಲ್ಲ, ಏನೋ ಉಲ್ಟಾ ಅನ್ನಿಸಿತು. ನನ್ನ ಫೋಟೋದಲ್ಲಿ ಅವು ಎಡಕ್ಕೆ ಹಾರುತ್ತವೆ, ಇಲ್ಲಿ ಬಲಕ್ಕೆ. ಮುಂದಿನ ಹಕ್ಕಿಯ ಎಡ ರೆಕ್ಕೆಯಲ್ಲಿ ಒಂದು ಗರಿ ಉದುರಿ ಸಂದಿ ಕಾಣುತ್ತದೆ. 2022ರ ಜನವರಿಯಲ್ಲಿ ಆ ಒಂದು ಹಕ್ಕಿಯನ್ನು ನಾನು ಮೂರು ವಾರ ಹಿಂಬಾಲಿಸಿದ್ದೆ. ಕ್ಯಾಲೆಂಡರಿನಲ್ಲಿ ಆ ಸಂದಿ ಬಲ ರೆಕ್ಕೆಗೆ ಬಂದಿತ್ತು. ಚಿತ್ರವನ್ನು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿದ್ದರು, ಎಡಗಡೆ ಗೊಬ್ಬರದ ಚೀಲಕ್ಕೆ ಜಾಗ ಮಾಡಲು. ಕೆಳಗೆ "ಹಂಸಗಳು" ಅಂತ ಬರೆದಿದ್ದರು. ಚಹಾದಂಗಡಿಯವರಿಗೆ ಇವು ನಿಮ್ಮ ಕೆರೆಯ ಹಕ್ಕಿಗಳೇ ಅಂದೆ. "ಏ, ಅಲ್ರಿ, ಹಂಸ ಅಂತ ಬರದಾರ ನೋಡ್ರಿ" ಅಂದರು.

ಕ್ಯಾಲೆಂಡರಿನ ಕೆಳ ಅಂಚಿನಲ್ಲಿ ಇರುವೆ ಕಾಲಿನಂಥ ಅಕ್ಷರದಲ್ಲಿ ಡಿಸೈನ್ ಮಾಡಿದವರ ಹೆಸರಿತ್ತು. ಸೀರೆ ಅಂಗಡಿಯವರು ಹೇಳಿದ್ದ ಅದೇ ಹೆಸರು.

ಈ ಸಲ ವಕೀಲ ಗೆಳೆಯನ ಉತ್ತರ ಬೇರೆ. ಯಾರೂ ಹೇಳಿ ತೆಗೆಸಿದ್ದಲ್ಲ, ಯಾರೂ ಹಣ ಕೊಟ್ಟಿಲ್ಲ, ಹಾಗಾಗಿ ಪೂರ್ತಿ ನನ್ನದು. ನೋಂದಣಿ ಮಾಡಿಸಿರಲಿಲ್ಲವಲ್ಲ ಅಂದೆ. ಬೇಕಿಲ್ಲ, ತೆಗೆದ ಕ್ಷಣದಲ್ಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಸಾಕ್ಷಿಗೆ ಅನುಕೂಲ ಅಷ್ಟೇ, ಒಂದು ಫೋಟೋಗೆ 500 ರೂಪಾಯಿ ಶುಲ್ಕ ಅಂದ. ಫೋಟೋಗಳಿಗೆ ಮೊದಲು ಪ್ರಕಟವಾದ ಮೇಲೆ 60 ವರ್ಷ ಅಂತ ಇತ್ತಂತೆ, 2012ರ ತಿದ್ದುಪಡಿ ಆದ ಮೇಲೆ ತೆಗೆದವನ ಆಯುಷ್ಯ ಮುಗಿದು 60 ವರ್ಷದವರೆಗೆ. ಸಂಘದ ಪಗಾರದಲ್ಲಿ ಮಕ್ಕಳಿಗೆ ಬೇರೇನೂ ಬಿಟ್ಟು ಹೋಗಲ್ಲ, ಹೆಬ್ಬಾತಾದರೂ ಇರಲಿ.

ಸಾಕ್ಷಿ ಕೂಡಿಸಿದ್ದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಮಾತುಕತೆ ನಿಂತಿದ್ದೇ ಇದರ ಮೇಲೆ. ಹುಬ್ಬಳ್ಳಿಗೆ ಹೋಗುವ ಮುಂಚೆ ಗೊಬ್ಬರದ ಅಂಗಡಿಯಿಂದ ಎರಡು ಕ್ಯಾಲೆಂಡರ್ ಕೇಳಿ ತಂದೆ, ಸುಮ್ನೆ ಗಿರಾಕಿ ಥರ. ನನ್ನ ಪೇಜಿನ ಮೂಲ ಪೋಸ್ಟನ್ನು ತಾರೀಖು ಮತ್ತು ವಿಳಾಸ ಕಾಣುವ ಹಾಗೆ ಇಡೀ ಪರದೆಯ ಸ್ಕ್ರೀನ್‌ಶಾಟ್ ತೆಗೆದೆ. ಹಾರ್ಡ್ ಡಿಸ್ಕಿನಿಂದ ಮೂಲ ರಾ ಫೈಲ್, ಅಂದರೆ ಕ್ಯಾಮೆರಾ ಬರೆದಿಟ್ಟ ತಿದ್ದದ ಫೈಲ್, ತೆಗೆದೆ. ಅದೊಂದೇ ಅಲ್ಲ, ಅದರ ಹಿಂದಿನ ಆರು, ಮುಂದಿನ ಒಂಬತ್ತು ಫ್ರೇಮ್ ಕೂಡ. ಕದ್ದವನ ಹತ್ತಿರ ಒಂದು ಫೋಟೋ ಇರಬಹುದು, ಆ ಹಕ್ಕಿ ರೆಕ್ಕೆ ಮೇಲೆತ್ತಿ ಕೆಳಗಿಳಿಸಿದ ಹದಿನಾರು ಫ್ರೇಮ್ ಇರಲು ಸಾಧ್ಯವಿಲ್ಲ. ಫೈಲಿನೊಳಗೆ ತಾರೀಖು, ಲೆನ್ಸ್, ಕ್ಯಾಮೆರಾದ ಸೀರಿಯಲ್ ನಂಬರ್ ಎಲ್ಲಾ ಇರುತ್ತವೆ. ಫೇಸ್‌ಬುಕ್, ವಾಟ್ಸಾಪ್ ಈ ಮಾಹಿತಿಯನ್ನು ತೆಗೆದುಹಾಕುತ್ತವೆ, ಹಾಗಾಗಿ ಅಲ್ಲಿಂದ ಇಳಿಸಿಕೊಂಡವನ ಕಾಪಿಯಲ್ಲಿ ಅದು ಇರುವುದಿಲ್ಲ. ಇನ್ನೊಂದು, ಅಳತೆ. ನನ್ನ ಮೂಲ ಫೋಟೋ ಉದ್ದಕ್ಕೆ 6000 ಪಿಕ್ಸೆಲ್, ಅಂದರೆ ಚಿತ್ರ ಕಟ್ಟುವ ಚುಕ್ಕಿಗಳು. ಪೇಜಿಗೆ ಹಾಕಿದ್ದು 2048. ಕ್ಯಾಲೆಂಡರಿನಲ್ಲಿ ಚಿತ್ರ ಹದಿನೆಂಟು ಇಂಚು, ಭಾಗಿಸಿದರೆ ಇಂಚಿಗೆ 114 ಪಿಕ್ಸೆಲ್ ಕೂಡ ಬರಲ್ಲ. ಅದಕ್ಕೇ ತಲೆ ಮೇಲಿನ ಎರಡು ಕಪ್ಪು ಪಟ್ಟೆ ಮಸಿ ಒರೆಸಿದ ಹಾಗೆ ಕಾಣುತ್ತಿದ್ದವು. ನನ್ನನ್ನು ಕೇಳಿದ್ದರೆ ಇಂಚಿಗೆ 333 ಸಿಗುತ್ತಿತ್ತು. ನಿಜ ಹೇಳಬೇಕೆಂದರೆ ಕದ್ದದ್ದಕ್ಕಿಂತ ಆ ಮಸುಕು ಪ್ರಿಂಟ್ ನೋಡಿ ಜಾಸ್ತಿ ಸಂಕಟ ಆಯಿತು.

ಡಿಟಿಪಿ ಅಂಗಡಿ ಒಂದು ಕಂಪ್ಯೂಟರಿನದು. ಐವತ್ತು ದಾಟಿದ ಮನುಷ್ಯ, ಪಕ್ಕದಲ್ಲಿ ಕಾಲೇಜು ಓದುವ ಮಗ. ನಾನು ದೊಡ್ಡ ಕಳ್ಳನನ್ನು ಊಹಿಸಿಕೊಂಡು ಹೋಗಿದ್ದೆ. ಕ್ಯಾಲೆಂಡರ್ ಬಿಚ್ಚಿ ಟೇಬಲ್ ಮೇಲಿಟ್ಟೆ.

"ಗೂಗಲ್‌ದಾಗ ಸಿಕ್ತರಿ," ಅಂದರು. "ಗೂಗಲ್‌ದಾಗ ಇದ್ದದ್ದು ಎಲ್ಲಾರದೂ ಅಲ್ಲೇನ್ರಿ?"

"ನಿಮ್ಮ ಅಂಗಡಿ ಬಾಗಲಾ ತೆರದೈತಿ. ಈ ಪ್ರಿಂಟರ್ ನಾ ಒಯ್ಲೇನ್ರಿ?"

ಮಗ ತಲೆ ತಗ್ಗಿಸಿದ. ಆಮೇಲೆ ಗೊತ್ತಾಯಿತು, ಹುಡುಕಿ ಇಳಿಸಿದವನು ಅವನೇ. ಹೆಬ್ಬಾತು ಹುಡುಕುವಾಗ ನನ್ನ ಪೇಜು ಸಿಕ್ಕಿತ್ತು. ಪೇಜು ಚೆನ್ನಾಗಿದೆ ಅನ್ನಿಸಿ ಇಟ್ಟುಕೊಂಡಿದ್ದ. ಒಂದು ತಿಂಗಳ ನಂತರ ಸೀರೆ ಅಂಗಡಿಯ ಕೆಲಸ ಬಂದಾಗ ನೇರ ಅಲ್ಲಿಗೇ ಬಂದು ಕುಬಸದ ಫೋಟೋ ಎತ್ತಿದ. ನನ್ನ ಕೆಲಸವನ್ನು ಇಷ್ಟು ಮೆಚ್ಚಿದವರು ಬೇರೆ ಯಾರೂ ಸಿಕ್ಕಿಲ್ಲ, ಅದೂ ನಿಜ.

ವಾಟರ್‌ಮಾರ್ಕ್ ಯಾಕೆ ಕತ್ತರಿಸಿದೆ ಅಂತ ಕೇಳಿದೆ. "ಡಿಸೈನಿಗೆ ಅಡ್ಡ ಬರ್ತಿತ್ತರಿ" ಅಂದ. ಹೆಸರು ಇತ್ತು ಅಂತ ಗೊತ್ತಿತ್ತು ಅಂತ ಅವನೇ ಒಪ್ಪಿಕೊಂಡ ಹಾಗಾಯಿತು. ಯಾರದ್ದು ಅಂತ ತಿಳಿಸುವ ಇಂಥ ಗುರುತನ್ನು ಬೇಕಂತಲೇ ಅಳಿಸುವುದು ಕಲಂ 65ಬಿ ಅಡಿ ಬೇರೆಯೇ ಅಪರಾಧ, ಎರಡು ವರ್ಷದವರೆಗೆ ಜೈಲು ಇದೆ. ಗೊತ್ತಿದ್ದೂ ಕಾಪಿರೈಟ್ ಮುರಿದರೆ ಕಲಂ 63ರಲ್ಲಿ ಆರು ತಿಂಗಳಿಂದ ಮೂರು ವರ್ಷ, ದಂಡ 50 ಸಾವಿರದಿಂದ ಎರಡು ಲಕ್ಷ. ಸಿವಿಲ್ ದಾವೆಯನ್ನು ನನ್ನದೇ ಜಿಲ್ಲೆಯಲ್ಲಿ ಹಾಕಬಹುದು, ಹುಬ್ಬಳ್ಳಿಗೆ ಅಲೆಯಬೇಕಿಲ್ಲ. ಇದನ್ನೆಲ್ಲ ಗೆಳೆಯ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದ, ನಾನು ಓದಿ ಹೇಳಿದೆ. ಓದುವಾಗ ಆ ಹುಡುಗನ ಮುಖ ನೋಡಿ, ಕೊನೆಯ ಎರಡು ಸಾಲು ಬಿಟ್ಟೆ.

ಕೇಸ್ ಹಾಕಬೇಕಿತ್ತು ಅನ್ನುವವರಿದ್ದಾರೆ. ನಾನು ಹಾಕಲಿಲ್ಲ. ದೊಡ್ಡ ಗುಣ ಅಂತಲ್ಲ, ರಜೆ ಇಲ್ಲ ಅಂತ. ಜೊತೆಗೆ ಕುಬಸದ ಫೋಟೋ ವಿಷಯದಲ್ಲಿ ಅವನು ಮಾಡಿದ್ದನ್ನೇ ಸ್ವಲ್ಪ ಸಣ್ಣದಾಗಿ ನಾನೂ ಮಾಡಿದ್ದೆ, ಅದು ಬಾಯಿ ಕಟ್ಟಿತ್ತು. ಕ್ಯಾಲೆಂಡರ್ 1500 ಪ್ರತಿ ಹೊಡೆದು ಹಂಚಿ ಆಗಿತ್ತು, ಹಳ್ಳಿ ಹಳ್ಳಿಯ ಗೋಡೆಯಿಂದ ವಾಪಸ್ ತರೋಕೆ ಆಗಲ್ಲ. ಮೊದಲೇ ಕೇಳಿದ್ದರೆ ನಾಲ್ಕು ಸಾವಿರಕ್ಕೆ ಕೊಡುತ್ತಿದ್ದೆ. ಕೇಳದೆ ತೆಗೆದು, ತಿರುಗಿಸಿ, ಹೆಸರು ಕತ್ತರಿಸಿದ್ದಕ್ಕೆ ಎಂಟು ಹೇಳಿದೆ. ಐದಕ್ಕೆ ನಿಂತಿತು. ಒಂದು ಕಾಗದದ ಮೇಲೆ ಬರೆಸಿಕೊಂಡೆ, ಈ ದುಡ್ಡು ಈಗಾಗಲೇ ಹೊಡೆದ 1500 ಪ್ರತಿಗೆ ಮಾತ್ರ, ಮತ್ತೆ ಬಳಸಲು ಒಪ್ಪಿಗೆ ಅಲ್ಲ, ಕಂಪ್ಯೂಟರಿನಲ್ಲಿರುವ ನನ್ನ ಎಲ್ಲಾ ಫೋಟೋ ಅಳಿಸಿದ್ದಾರೆ ಅಂತ. ಈ ಕಾಗದ ಮುಖ್ಯ. ದುಡ್ಡು ಮಾತ್ರ ತೆಗೆದುಕೊಂಡು ಬಂದಿದ್ದರೆ ನಾಳೆ ಅದನ್ನೇ "ಮಾರಾಟ" ಅನ್ನಬಹುದಿತ್ತು. ಕುಬಸದ ಫೋಟೋಗೆ ನಾನು ಒಂದು ರೂಪಾಯಿ ಕೇಳಲಿಲ್ಲ, ಕೇಳುವ ಹಕ್ಕೂ ನನ್ನದಾಗಿರಲಿಲ್ಲ. ಸೀರೆ ಅಂಗಡಿಯವರು ಆ ಮನೆಗೆ ಹೋಗಿ ಕ್ಷಮೆ ಕೇಳಿ ಬಂದರಂತೆ, ಒಂದು ಸೀರೆ ಕೊಡಲು ಹೋದಾಗ ಹುಡುಗಿಯ ತಾಯಿ ಬ್ಯಾಡ ಅಂದರಂತೆ.

ಆಮೇಲೆ ನನ್ನ ಪೇಜಿನಲ್ಲಿ ಕೂತು ಎಣಿಸಿದೆ. ಹಣ ಪಡೆದು ತೆಗೆದ, ಕೇಳದೆ ಹಾಕಿದ ಫೋಟೋ ಅರವತ್ತಮೂರು. ಎಲ್ಲಾ ತೆಗೆದೆ. ಪೇಜು ಬೋಳಾಯಿತು, ಬರೀ ಹಕ್ಕಿ ಮತ್ತು ಗುಡಿ. ಹಕ್ಕಿಗಳನ್ನು ಈಗ 1200 ಪಿಕ್ಸೆಲ್‌ಗಿಂತ ದೊಡ್ಡದಾಗಿ ಹಾಕಲ್ಲ. ಫೋಟೋದ ನಟ್ಟನಡುವೆ ದಪ್ಪಗೆ ಹೆಸರು ಹಾಕು ಅಂತ ಎಷ್ಟೋ ಜನ ಹೇಳಿದರು. ಹಾಗೆ ಮಾಡಿದರೆ ಕಳ್ಳನಿಗೂ ಬೇಡ, ನೋಡುವವರಿಗೂ ಬೇಡ. ಮೂಲೆಯ ಸಣ್ಣ ಹೆಸರು ಇದ್ದ ಹಾಗೇ ಇದೆ, ಅದು ಬೀಗ ಅಲ್ಲ ಅಂತ ಗೊತ್ತಿದ್ದೇ ಹಾಕುತ್ತೇನೆ.

ಈವೆಂಟ್ ಕೆಲಸಕ್ಕೆ ಈಗ ಅರ್ಧ ಹಾಳೆಯ ಕನ್ನಡದ ಕಾಗದ ಇದೆ. ಗೆಳೆಯ ಒಂದು ಸಾಲು ಸೇರಿಸು ಅಂದ, ಕಾಪಿರೈಟ್ ಫೋಟೋಗ್ರಾಫರ್‌ದು ಅಂತ. ಹಾಗೆ ಬರೆದು ಅವರು ಸಹಿ ಹಾಕಿದರೆ ಕಾನೂನು ಒಪ್ಪುತ್ತದೆ. ಬರೆದೆ, ಒಂದು ವಾರ ಇಟ್ಟುಕೊಂಡೆ, ಹೊಡೆದುಹಾಕಿದೆ. ಯಾರದೋ ಮಗಳ ಕುಬಸದ ಫೋಟೋದ ಒಡೆತನ ಇಟ್ಟುಕೊಂಡು ನಾನೇನು ಮಾಡಲಿ? ನನಗೆ ಬೇಕಿದ್ದದ್ದು ಪೇಜಿಗೆ ಹಾಕಲು ಒಪ್ಪಿಗೆ, ಅಷ್ಟೇ. ಈಗ ಎರಡು ಚೌಕ ಇವೆ: ಹಾಕಬಹುದು, ಹಾಕಬಾರದು. ದೊಡ್ಡ ಸ್ಟುಡಿಯೋ ನಡೆಸುವವರ ಲೆಕ್ಕ ಬೇರೆ ಇರಬಹುದು, ಅವರು ಆ ಸಾಲು ಇಟ್ಟುಕೊಳ್ಳಲಿ. ಹಣ ತೆಗೆದುಕೊಳ್ಳದೆ ತೆಗೆದ ನೆಂಟರ ಮದುವೆಗಳದ್ದು ಕಾನೂನಿನ ಪ್ರಕಾರ ನನ್ನದೇ, ಆದರೂ ಈ ಕಾಗದವನ್ನು ಅವರಿಗೂ ಕೊಡುತ್ತೇನೆ, ಅತ್ತೆಯಂದಿರು ನಗುತ್ತಾರೆ. ಹತ್ತರಲ್ಲಿ ಆರೇಳು ಮನೆಯವರು ಹಾಕಬಾರದು ಅಂತಲೇ ಗುರುತು ಮಾಡುತ್ತಾರೆ, ಕೆಲಸ ಸ್ವಲ್ಪ ಕಡಿಮೆಯಾಗಿದೆ.

ಮುಂದಿನ ವರ್ಷ ಲಕ್ಷ್ಮೇಶ್ವರದ ಆ ಮನೆಯಿಂದ ಮತ್ತೆ ಫೋನ್ ಬಂತು, ಮಗುವಿನ ಜವಳಕ್ಕೆ. ಕಾಗದ ಕೊಟ್ಟೆ. ಆ ಹುಡುಗಿ ಗಂಡನ ಕೈಯಿಂದ ಪೆನ್ನು ತೆಗೆದುಕೊಂಡು ಪೂರ್ತಿ ಓದಿದರು, ಹಾಕಬಾರದು ಅನ್ನುವ ಚೌಕಕ್ಕೆ ಗುರುತು ಹಾಕಿದರು, ಕೆಳಗೆ ಖಾಲಿ ಜಾಗದಲ್ಲಿ ಇನ್ನೊಂದು ಸಾಲು ತಾವೇ ಬರೆದರು: ಪ್ಲಾಸ್ಟಿಕ್ ಕುರ್ಚಿ ಕಾಣಬಾರದು.